ಹವೋದ್ ಮನೆಯ ನಡುದನಿ

ಬೆಳಗಿನಿಂದ ಮಳೆ ಒಂದೇ ಸಮನೆ ಹಿಡಿದುಕೊಂಡಿತ್ತು. ಜನವರಿಯ ಮೊದಲ ವಾರ. ಮಧ್ಯಾಹ್ನ ಮೂರು ದಾಟುವುದರೊಳಗೆ ಕ್ವಮ್ ಕೆಲಿನ್ ಕಣಿವೆಯ ಗುಡ್ಡಗಳೆಲ್ಲ ಮೋಡದೊಳಗೆ ಹೊಕ್ಕು ಕೂತಿದ್ದವು, ಕುರಿಗಳು ಕಲ್ಲುಗೋಡೆಗಳ ಮರೆಗೆ ಅಂಟಿಕೊಂಡಿದ್ದವು, ಹೊಳೆಯ ಸದ್ದು ಮನೆಯೊಳಗೂ ಕೇಳುತ್ತಿತ್ತು. ಲೋವ್ರಿ ಅಜ್ಜಿಯ ಅಡುಗೆಮನೆಯಲ್ಲಿ ಮಾತ್ರ ಮಳೆಗೆ ಕವಡೆ ಕಿಮ್ಮತ್ತೂ ಇರಲಿಲ್ಲ. ಇವತ್ತು ಸಂಜೆ ಚರ್ಚಿನಲ್ಲಿ ಪ್ಲಗೈನ್. ಕ್ರಿಸ್ಮಸ್ ಹಾಡುಗಳ ಆ ಸಂಜೆ, ಹಬ್ಬ ಮುಗಿದ ಮೇಲೆ, ಈ ಕಣಿವೆಗೆ ವರ್ಷಕ್ಕೊಮ್ಮೆ ಬರುತ್ತದೆ. ಹಾಡಿದವರಿಗೆಲ್ಲ ಆಮೇಲೆ ಪಕ್ಕದ ಹಾಲ್‌ನಲ್ಲಿ ಊಟ, ಆ ಊಟಕ್ಕೆ ಮನೆಗೊಂದು ತಿನಿಸು. ಅಜ್ಜಿಯ ಮನೆಯ ಪಾಲು ಯಾವಾಗಲೂ ಬಾರಾ ಬ್ರೀತ್, ಒಣದ್ರಾಕ್ಷಿ ತುಂಬಿದ ಕಂದು ರೊಟ್ಟಿ.

ಆ ರೊಟ್ಟಿಯ ಹೋಳುಗಳಿಗೆ ಬೆಣ್ಣೆ ಸವರುತ್ತ ನಿಂತಿದ್ದವಳು ಮಿರ್ತಾ. ಅಜ್ಜಿಯ ಮನೆಯಲ್ಲಿ ಉಳಿದುಕೊಂಡ ಅತಿಥಿ, ಅರ್ಜೆಂಟೀನಾದ ತುದಿಯ ಪಟಗೋನಿಯಾದವಳು. ನೂರು ವರ್ಷಗಳ ಹಿಂದೆ ವೇಲ್ಸ್‌ನಿಂದ ಹಡಗು ಹತ್ತಿ ಹೋದವರ ಮರಿಮಗಳು. ಅವಳು ವೆಲ್ಷ್ ಮಾತಾಡಿದರೆ ಅದರೊಳಗೆ ಸ್ಪ್ಯಾನಿಷ್ ಕುಣಿಯುತ್ತಿತ್ತು. ವೇಲ್ಸ್‌ಗೆ ಬಂದಾಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೆಂಡದಂಗಡಿಗಳಲ್ಲಿ ಎದ್ದ ಹಾಡಿಗೆ ದನಿಗೂಡಿಸಿದ್ದಳು, ಮೂರು ಸಾಲು ತಂತಿಯ ಹಾರ್ಪ್ ಮುಟ್ಟಿ ಬೆರಳು ಕೆಂಪಗೆ ಮಾಡಿಕೊಂಡಿದ್ದಳು, ಗಂಡಸರ ಹಾಡಿನ ಮೇಳ ಅಭ್ಯಾಸ ಮಾಡುವ ಕೊಟ್ಟಿಗೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತು ಅವರಿಂದಲೇ ಕರವಸ್ತ್ರ ಪಡೆದಿದ್ದಳು. ಇಷ್ಟೆಲ್ಲ ಆದರೂ ಬಂದ ಕೆಲಸ ಮಾತ್ರ ಆಗಿರಲಿಲ್ಲ. ಅದು ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಅವಳನ್ನು ಚುಚ್ಚುತ್ತಲೇ ಇತ್ತು.

"ಬೆಣ್ಣೆ ದಪ್ಪಗೆ ಹಚ್ಚು ಹುಡುಗಿ. ಕಚ್ಚಿದ್ರೆ ಹಲ್ಲಿನ ಗುರುತು ಬೀಳ್ಬೇಕು," ಎಂದಳು ಒಲೆಯ ಪಕ್ಕದ ಕುರ್ಚಿಯಿಂದ ಅಜ್ಜಿ. ಎಂಬತ್ತಾರರ ಮುದುಕಿ, ಕಣ್ಣು ಮಾತ್ರ ಇನ್ನೂ ಹದಿನಾರರದ್ದು. "ಆಮೇಲೆ ಆ ನಿನ್ನ ಬಾಡಿಗೆ ಕಾರಿದೆಯಲ್ಲ, ಕೆಂಪಂದು... ಚರ್ಚಿಗೆ ಹೋಗುವಾಗ ಅದನ್ನ ನಾನು ಓಡಿಸ್ಲಾ?"

"ಕೊಟ್ಟೀಯ ಮತ್ತೆ ಕೀಲಿ!" ಬಾಗಿಲಲ್ಲಿ ಬೂಟಿನ ಕೆಸರು ಕೊಡವುತ್ತಿದ್ದ ಮಗ ಗ್ವಿಲಿಮ್ ಅಲ್ಲಿಂದಲೇ ಕೂಗಿದ. ಐವತ್ತು ದಾಟಿದ ಕುರಿಗಾರ, ಆಳೆತ್ತರ, ಊರಿನ ಮೇಳದಲ್ಲಿ ಕೆಳದನಿ ಅವನದೇ. "ಹೋದ ವರ್ಷ ಅಂಚೆಯವನ ಗೇಟು ಕಿತ್ಕೊಂಡು ಅರ್ಧ ಮೈಲಿ ಎಳ್ಕೊಂಡು ಬಂದಿದ್ದಾಳೆ. ಏನೋ ಸದ್ದು ಬರ್ತಿದೆ ಅಂತ ರೇಡಿಯೋ ಜೋರು ಮಾಡಿದ್ಳಂತೆ."

"ಗೇಟು ತೆರೆದಿಡ್ಬೇಕಿತ್ತು ಅವನು," ಎಂದು ಅಜ್ಜಿ ಗೊಣಗಿದಳು.

ಮೇಜಿನ ಆ ತುದಿಯಲ್ಲಿ ಕೂತಿದ್ದ ಇನ್ನೊಬ್ಬ ಅತಿಥಿ ಡ್ವೈಟ್ ಬಾಯ್ತುಂಬ ನಕ್ಕ. ಓಹಾಯೋದ ನಿವೃತ್ತ ಮೇಷ್ಟ್ರು. ಅವನ ಮುತ್ತಜ್ಜನೂ ಈ ಕಡೆಯವನೇ ಅಂತೆ. ಕೈಯಲ್ಲಿ ಸದಾ ಫೋನು. "ಅಲ್ಲಾ, ಇವತ್ತು ಕಾರ್ಯಕ್ರಮ ನಿರೂಪಣೆ ಯಾರದು? ಮೊದಲು ಯಾರು ಹಾಡ್ತಾರೆ?" ಎಂದು ಕೇಳಿದ.

ಗ್ವಿಲಿಮ್‌ಗೆ ನಗು ತಡೆಯಲಾಗಲಿಲ್ಲ. "ನಿರೂಪಣೆನೂ ಇಲ್ಲ, ಮಣ್ಣೂ ಇಲ್ಲ ಡ್ವೈಟ್ ಅವರೇ. ಪಾದ್ರಿ ಪ್ರಾರ್ಥನೆ ಮುಗಿಸಿ ಕೂತ್ಕೋತಾರೆ. ಮನಸ್ಸು ಬಂದ ಮೇಳ ಎದ್ದು ಹೋಗಿ ಹಾಡತ್ತೆ, ಬಂದು ಕೂರತ್ತೆ. ವಾದ್ಯ ಇಲ್ಲ. ಶ್ರುತಿ ಹಿಡಿಯೋಕೆ ಒಂದು ಉಕ್ಕಿನ ಕವಲುಕಡ್ಡಿ, ಟಿಂಗ್ ಅಂತ ಬಡಿದ್ರೆ ಮುಗೀತು. ಒಂದು ಸುತ್ತು ಆದ್ಮೇಲೆ ಅದೇ ಸಾಲಲ್ಲಿ ಇನ್ನೊಂದು ಸುತ್ತು. ಮೊದಲ ಸುತ್ತಲ್ಲಿ ಹಾಡಿದೋರು ಎರಡನೇದರಲ್ಲೂ ಹಾಡ್ಲೇಬೇಕು. ಒಬ್ರು ಹಾಡಿದ ಹಾಡು ಇವತ್ತು ಇನ್ಯಾರೂ ಹಾಡೋ ಹಾಗಿಲ್ಲ. ಆಮೇಲೆ, ನೀವು ಚಪ್ಪಾಳೆ ಗಿಪ್ಪಾಳೆ ತಟ್ಟಿದ್ರೋ, ನಮ್ಮಮ್ಮ ಕೊಡೆಯಿಂದ ಕುಟ್ತಾಳೆ."

"ಕುಟ್ತೀನಿ," ಎಂದಳು ಅಜ್ಜಿ. "ನಾಳೆ ಪಕ್ಕದ ಕಣಿವೇಲಿ ಇದೆ, ನಾಡಿದ್ದು ಅದರಾಚೆ. ಅಲ್ಲೂ ಕುಟ್ತೀನಿ. ಮೇಳ ಅಂದ್ಮೇಲೆ ಎಲ್ಲಾ ಚರ್ಚಿಗೂ ಹೋಗ್ಬೇಕು, ನಾನೂ ಬಿಡೋಳಲ್ಲ."

ಆಮೇಲೆ ಅವಳು ಮಿರ್ತಾಳ ಕಡೆ ತಿರುಗಿದಳು. "ನಿಂದೂ ಒಂದು ಹಾಡಿದೆ ಅಂತ ಗ್ವಿಲಿಮ್ ಹೇಳ್ದ. ಅದೇನದು?"

ಮಿರ್ತಾ ಬೆಣ್ಣೆ ಚಾಕು ಕೆಳಗಿಟ್ಟಳು. ಇದೇ ಮಾತನ್ನು ಎಷ್ಟು ಚರ್ಚುಗಳ ಬಾಗಿಲಲ್ಲಿ ಹೇಳಿದ್ದಳೋ, ಎಷ್ಟು ಮುದುಕರು ತಲೆ ಅಲ್ಲಾಡಿಸಿದ್ದರೋ. "ನಮ್ಮ ಮುತ್ತಜ್ಜಿ ಇಲ್ಲಿಂದ ತಂದ ಹಾಡು ಅಜ್ಜಿ. ಅವರು ನಮ್ಮಜ್ಜಿಗೆ ಕಲಿಸಿದ್ರು, ನಮ್ಮಜ್ಜಿ ನನಗೆ. ಆದ್ರೆ ಅದೊಂದು ವಿಚಿತ್ರ ಹಾಡು. ಒಂದು ಸಾಲು ಹಾಡ್ತೀವಿ, ಆಮೇಲೆ ಸುಮ್ನೆ ನಿಂತ್ಕೋಬೇಕು. ಮತ್ತೆ ಅರ್ಧ ಸಾಲು, ಮತ್ತೆ ಸುಮ್ನೆ. ನಮ್ಮೂರಲ್ಲಿ ಎಲ್ಲಾ ಅದನ್ನ ತೂತಿನ ಹಾಡು ಅಂತ ಆಡ್ಕೊಂಡು ನಗ್ತಾರೆ. ಬರೀ ಅಳುಬುರುಕ ರಾಗ, ಎತ್ತಲೂ ಹೋಗಲ್ಲ. ಕೊನೆಗೆ ಒಬ್ಬ ಸಂಗೀತದ ಮೇಷ್ಟ್ರು ಕೇಳಿ, ಇದು ರಾಗವೇ ಅಲ್ಲಮ್ಮ, ಇದು ಮೂರು ದನಿಯ ಹಾಡಿನ ನಡುದನಿ ಅಂದ್ರು. ಮೇಲಿಂದೂ ಕೆಳಗಿಂದೂ ಇಲ್ಲೇ ಉಳ್ಕೊಂಡಿದೆ. ನಮ್ಮಜ್ಜಿ ಸಾಯೋ ಮುಂಚೆ ಒಂದೇ ಒಂದು ಸಲ ಪೂರ್ತಿ ಕೇಳ್ಬೇಕಿತ್ತು ಅಂತ ಕಣ್ಣೀರು ಹಾಕಿದ್ರು. ಅದಕ್ಕೇ ಬಂದೆ. ಯಾವ ಮನೆ ಅಂತ ಗೊತ್ತಿಲ್ಲ. ಮುತ್ತಜ್ಜಿ ಹೆಸರು ಮಾರ್ಗೆದ್ ಅಂತ ಮಾತ್ರ ಗೊತ್ತು."

"ಮಾರ್ಗೆದ್!" ಗ್ವಿಲಿಮ್ ಕೈ ಆಡಿಸಿದ. "ಈ ಸೀಮೇಲಿ ಒಂದು ಕಲ್ಲು ಎಸೆದ್ರೆ ನಾಲ್ಕು ಮಾರ್ಗೆದ್‌ಗೆ ತಾಗತ್ತೆ."

ಅಜ್ಜಿ ನಗಲಿಲ್ಲ. ಒಲೆಯ ಬೆಂಕಿಯನ್ನೇ ನೋಡುತ್ತ ಕೂತಳು. ಮಿರ್ತಾ ಬಾಯಿ ತೆರೆದು ಮೊದಲ ಸಾಲು ಎತ್ತಬೇಕು, ಅಷ್ಟರಲ್ಲಿ ಅಜ್ಜಿಯ ಕೈ ಸಟ್ಟನೆ ಮೇಲೆದ್ದಿತು.

"ಬೇಡ. ಇಲ್ಲಿ ಹಾಡ್ಬೇಡ. ಮೊದಲು ನಾನು ಹೇಳೋದು ಕೇಳು. ಗ್ವಿಲಿಮ್, ಬಾಗಿಲು ಹಾಕು. ಏನಯ್ಯಾ ಡ್ವೈಟು, ಫೋನು ಜೇಬಲ್ಲಿಡು, ಇದು ಆ ಪೆಟ್ಟಿಗೇಲಿ ನಿಲ್ಲೋ ಮಾತಲ್ಲ."

ಗ್ವಿಲಿಮ್ ಬಾಗಿಲು ಹಾಕಿದ. ಮೂವರೂ ಒಲೆಯ ಸುತ್ತ ಕುರ್ಚಿ ಎಳೆದುಕೊಂಡರು. ಗಾಜಿಗೆ ಮಳೆ ಬಡಿಯುತ್ತಿತ್ತು.

"ನನಗೆ ಆಗ ಎಂಟು ವರ್ಷ... ಇದೇ ಮಳೆ, ಇದೇ ಹೊಳೆ, ಇವತ್ತಿನ ಹಾಗೇ ಪ್ಲಗೈನ್ ದಿನ. ಗುಡ್ಡದ ಮೇಲೆ ಹವೋದ್ ಅಂತ ಮನೆ ಇತ್ತು, ಈಗ ಬರೀ ಗೋಡೆ ಇದೆ, ಕುರಿ ಮಲಗ್ತವೆ. ಆ ಮನೇಲಿ ಅಣ್ಣತಮ್ಮಂದಿರು ಇಬ್ಬರು. ತೇಗಿದ್ ಮೇಲುದನಿ, ಈವಾನ್ ಕೆಳದನಿ. ಇಬ್ಬರಿಗೂ ಮದುವೆ ಇಲ್ಲ, ಮಾತಿಲ್ಲ ಕತೆಯಿಲ್ಲ, ವರ್ಷವೆಲ್ಲ ಕುರಿ ಜೊತೆ ಇದ್ದು ಇದ್ದು ಅವರೂ ಕುರಿ ಹಾಗೇ ಆಗಿದ್ರು... ಆದ್ರೆ ಪ್ಲಗೈನ್ ದಿನ ಆ ಇಬ್ಬರು ಎದ್ದು ಮುಂದೆ ಹೋದ್ರೆ ಚರ್ಚಿಗೆ ಚರ್ಚೇ ಉಸಿರು ಬಿಗಿ ಹಿಡಿಯೋದು. ಯಾಕೆ ಹೇಳಿ? ಹಾಡೋರೆಲ್ಲ ತಲೆಗೆ ತಲೆ ತಾಗೋ ಹಾಗೆ ನಿಲ್ತಾರೆ, ಒಬ್ಬರ ಉಸಿರು ಒಬ್ಬರಿಗೆ ಕೇಳ್ಬೇಕಲ್ಲ, ಆದ್ರೆ ಇವರಿಬ್ಬರು ನಿಲ್ತಿದ್ದದ್ದು ನಡುವೆ ಒಬ್ಬರ ಜಾಗ ಬಿಟ್ಟು. ಒಂದು ಆಳಿನ ಜಾಗ... ಖಾಲಿ. ಇಬ್ಬರೂ ಆ ಖಾಲಿ ಜಾಗದ ಕಡೆ ಮುಖ ಮಾಡಿ ಹಾಡೋರು. ಹಾಡಲ್ಲೂ ಹಾಗೇ, ಇದ್ದಕ್ಕಿದ್ದ ಹಾಗೆ ಇಬ್ಬರೂ ನಿಲ್ಸೋರು, ಯಾರದೋ ಸರದಿಗೆ ಕಾಯೋ ಹಾಗೆ ಕಾಯೋರು, ಮತ್ತೆ ಎತ್ತಿಕೊಳ್ಳೋರು..."

ಮಿರ್ತಾಳ ಕೈಯಲ್ಲಿದ್ದ ರೊಟ್ಟಿಯ ಹೋಳು ತೊಡೆಯ ಮೇಲೆ ಬಿತ್ತು. ಎತ್ತಿಕೊಳ್ಳಬೇಕೆಂದೂ ಅವಳಿಗೆ ಹೊಳೆಯಲಿಲ್ಲ.

"ಅವರಿಗೊಬ್ಬಳು ತಂಗಿ ಇದ್ದಳಂತೆ. ನಾನು ಹುಟ್ಟೋಕೆ ಬಹಳ ಮುಂಚೆ ಮದುವೆ ಆಗಿ ಹಡಗು ಹತ್ತಿದ್ಳಂತೆ. ಹೊರಡೋ ದಿನ ಅಣ್ಣಂದಿರು ಮಾತು ಕೊಟ್ರಂತೆ, ನಿನ್ನ ಜಾಗದಲ್ಲಿ ಯಾರನ್ನೂ ನಿಲ್ಲಿಸಲ್ಲ, ನೀನು ಬಂದ ದಿನ ಮೂವರೂ ಸೇರಿ ಹಾಡೋಣ ಅಂತ. ನಮ್ಮಮ್ಮನೇ ಒಂದು ಸಲ ಕೇಳಿದ್ದಳು, ತೇಗಿದ್, ನಡುದನಿ ನಾನು ಹಾಡ್ಲೇನೋ ಅಂತ. ಆತ ಆರು ತಿಂಗಳು ಅವಳ ಹತ್ತಿರ ಮಾತು ಬಿಟ್ಟಿದ್ದ! ಮನೆಯ ಹಾಡು ಮನೆಯವರದು. ಬೇರೆಯವರು ಕಲಿಯೋ ಹಾಗಿಲ್ಲ, ಕೇಳಿದ್ರೂ ಮರೆತುಬಿಡ್ಬೇಕು... ಇವತ್ತಿಗೂ ಇಲ್ಲಿ ಅದೇ ಮರ್ಯಾದೆ.

"ಸರಿ, ಆ ದಿನ... ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಆಯ್ತು, ಪ್ರಾರ್ಥನೆ ಆಯ್ತು, ಎರಡು ಮೇಳ ಹಾಡಿ ಕೂತ್ರು. ಹವೋದ್ ಬೆಂಚು ಖಾಲಿ. ಈ ಮಳೆಗೆ ಗುಡ್ಡ ಇಳಿದಿಲ್ಲ ಅಂತ ಎಲ್ಲರೂ ಅಂದ್ಕೊಂಡ್ವಿ. ಅಷ್ಟರಲ್ಲಿ ಬಾಗಿಲು ತೆರೀತು. ಇಬ್ಬರೂ ಬಂದ್ರು. ನಾನು ಬಾಗಿಲ ಪಕ್ಕದಲ್ಲೇ ಕೂತಿದ್ದೆ, ಅವರು ನನ್ನ ದಾಟಿ ಹೋದಾಗ ಕೋಟಿನಿಂದ ನೀರು ನನ್ನ ಕಾಲ ಮೇಲೆ ಸುರೀತು... ಎಂಥ ತಣ್ಣಗಿನ ನೀರು ಅಂತೀರಿ! ನೆಟ್ಟಗೆ ಮುಂದೆ ಹೋದ್ರು, ನಡುವೆ ಜಾಗ ಬಿಟ್ಟು ನಿಂತ್ರು. ಈವಾನ್ ಕವಲುಕಡ್ಡಿ ಬಡಿದ. ಟಿಂಗ್. ಆಮೇಲೆ ಹಾಡಿದ್ರು ನೋಡಿ... ನನ್ನ ಜೀವಮಾನದಲ್ಲೇ ಅಂಥ ಹಾಡು ಕೇಳಿಲ್ಲ. ಪಾದ್ರಿ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹಾಡಿ ಮುಗಿಸಿ ಹಿಂದೆ ಬಂದು ತಮ್ಮ ಬೆಂಚಿನಲ್ಲಿ ಕೂತ್ರು. ಉಳಿದ ಮೇಳಗಳು ಹಾಡಿದ್ವು. ಎರಡನೇ ಸುತ್ತು ಶುರು ಆಯ್ತು. ಮೊದಲ ಮೇಳ ಆಯ್ತು, ಎರಡನೇದು ಆಯ್ತು, ಈಗ ಹವೋದ್ ಸರದಿ... ಯಾರೂ ಏಳಲಿಲ್ಲ.

"ಕಾದ್ವಿ. ಸರದಿ ದಾಟಿ ಇನ್ನೊಬ್ಬರು ಏಳೋ ಹಾಗಿಲ್ಲವಲ್ಲ? ಕಾದ್ವಿ, ಕಾದ್ವಿ... ನಾನು ಮೆಲ್ಲಗೆ ತಿರುಗಿ ನೋಡಿದೆ. ಬೆಂಚು ಖಾಲಿ! ಬಾಗಿಲು ತೆರೆದ ಸದ್ದಿಲ್ಲ, ನಡೆದ ಸದ್ದಿಲ್ಲ. ಬೆಂಚಿನಿಂದ ನೀರು ತೊಟ್ಟಿಕ್ಕಿ ಕಲ್ಲಿನ ಮೇಲೆ ಹರೀತಾ ಇದೆ, ಅಷ್ಟೇ. ಕುರಿ ನೋಡೋಕೆ ಎದ್ದು ಹೋದ್ರೇನೋ ಅಂತ ದೊಡ್ಡವರು ಸಮಾಧಾನ ಮಾಡ್ಕೊಂಡ್ರು. ಊಟಕ್ಕೆ ಕೂತಿದ್ವಿ, ಕೆಳಗಿನ ಗಿರಣಿಯಿಂದ ಒಬ್ಬ ಓಡಿ ಬಂದ. ಮಧ್ಯಾಹ್ನ ಹೊಳೆಯ ಮರದ ಸೇತುವೆ ಕೊಚ್ಚಿಕೊಂಡು ಹೋಗಿದೆ, ಹವೋದ್‌ನ ಇಬ್ಬರೂ ಸಿಕ್ಕಿದ್ರು, ಇನ್ನೂ ಬೆಳಕಿದ್ದಾಗಲೇ ಸಿಕ್ಕಿದ್ರು, ಗಿರಣಿಯ ಹಲಗೆ ಮೇಲೆ ಮಲಗಿಸಿದ್ದೀವಿ, ಪಾದ್ರಿಗಳು ಬರ್ಬೇಕು ಅಂದ... ಬೆಳಕಿದ್ದಾಗ! ಹಾಗಾದ್ರೆ ಕತ್ತಲಾದ್ಮೇಲೆ ನಮ್ಮ ಮುಂದೆ ನಿಂತು ಹಾಡಿದೋರು ಯಾರು? ನನ್ನ ಕಾಲ ಮೇಲೆ ನೀರು ಸುರಿಸಿದೋರು ಯಾರು? ನೀವೇ ಹೇಳಿ."

ಡ್ವೈಟ್ ಫೋನಿದ್ದ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಮೊದಲ ಸುತ್ತಲ್ಲಿ ಹಾಡಿದೋರು ಎರಡನೇದರಲ್ಲೂ ಹಾಡ್ಬೇಕು. ಅವರದೊಂದು ಹಾಡು ಬಾಕಿ ಉಳೀತು. ಅವತ್ತಿಂದ ಇವತ್ತಿನವರೆಗೆ, ಪ್ರತಿ ವರ್ಷ, ಎರಡನೇ ಸುತ್ತಿನ ಎರಡು ಮೇಳ ಆದ್ಮೇಲೆ ಚರ್ಚಿನಲ್ಲಿ ಟಿಂಗ್ ಅಂತ ಕೇಳತ್ತೆ. ಯಾರ ಕೈಯಲ್ಲೂ ಕಡ್ಡಿ ಇರಲ್ಲ. ಒಂದು ಹಾಡಿನಷ್ಟು ಹೊತ್ತು ನಾವೆಲ್ಲ ಕಲ್ಲಿನ ಹಾಗೆ ಕೂತಿರ್ತೀವಿ. ಆಮೇಲೆ ಮುಂದಿನ ಮೇಳ ಏಳತ್ತೆ. ಒಂದು ಸಲ ಪಟ್ಟಣದ ಮೂವರು ಬಂದಿದ್ರು, ಸ್ಪರ್ಧೇಲಿ ಕಪ್ ಗೆದ್ದೋರು, ಮೂಗು ಆಕಾಶದಲ್ಲಿ. ನಿಮ್ಮ ಭ್ರಮೆಗೆಲ್ಲ ನಾವು ಕಾಯಲ್ಲ ಅಂತ ಆ ಹೊತ್ತಿನಲ್ಲೇ ಎದ್ದು ಹೋದ್ರು. ಬಾಯಿ ತೆರೆದ್ರು... ಮೇಲುದನಿಯವನಿಗೆ ದನಿ ಇಲ್ಲ, ಕೆಳದನಿಯವನಿಗೆ ದನಿ ಇಲ್ಲ! ಮೀನಿನ ಹಾಗೆ ಬಾಯಿ ಆಡಿಸ್ತಿದ್ದಾರೆ ಪಾಪ. ನಡುದನಿಯವನೊಬ್ಬನ ಹಾಡು ಮಾತ್ರ ಹೊರಗೆ ಬಂತು. ಯಾಕೆ? ಆ ಎರಡು ಜಾಗ ಭರ್ತಿ ಆಗಿದೆಯಲ್ಲ, ಮಾರಾಯ! ಖಾಲಿ ಇರೋದು ನಡುವಿಂದು ಮಾತ್ರ. ಆ ಮೂವರೂ ಮತ್ತೆ ಈ ಕಣಿವೆ ಕಡೆ ತಲೆ ಹಾಕಲಿಲ್ಲ..."

ಅಜ್ಜಿ ಮಾತು ನಿಲ್ಲಿಸಿ ಮಿರ್ತಾಳನ್ನೇ ನೋಡಿದಳು. "ಆ ತಂಗಿ ಹೆಸರು ಮಾರ್ಗೆದ್," ಎಂದಳು.

ಮಿರ್ತಾ ಎದ್ದುನಿಂತಿದ್ದಳು. ಹೆದರಬೇಕಿತ್ತು, ಹೆದರಿಕೆ ಎಲ್ಲೋ ಒಂದು ಮೂಲೆಯಲ್ಲಿ ಇತ್ತು ಕೂಡ. ಆದರೆ ಅದಕ್ಕಿಂತ ಹತ್ತು ಪಾಲು ಜಾಸ್ತಿ ಖುಷಿ ಉಕ್ಕಿ ಬರುತ್ತಿತ್ತು. ಸಿಕ್ಕಿತು! ಎರಡೂ ದನಿ ಇಲ್ಲೇ ಇದ್ದವು. ಅವಳ ಅಜ್ಜಿ ಅತ್ತು ಅತ್ತು ಹುಡುಕಿದ್ದು ಇಲ್ಲಿ, ನಡೆದರೆ ಕಾಲು ಗಂಟೆಯ ದಾರಿಯಲ್ಲಿ, ಇಷ್ಟು ವರ್ಷ ಕಾದುಕೊಂಡಿತ್ತು.

"ನಾನು ಹೋಗಿ ನಡುವೆ ನಿಂತ್ಕೋತೀನಿ," ಎಂದಳು.

"ತಲೆ ಕೆಟ್ಟಿದೆಯಾ?" ಗ್ವಿಲಿಮ್ ದಡಬಡಿಸಿ ಎದ್ದ. "ಅಮ್ಮ, ನೀನಾದ್ರೂ ಹೇಳು. ನಾನು ಹುಟ್ಟಿದಾಗಿಂದ ಆ ಜಾಗಕ್ಕೆ ಒಂದು ನಾಯಿನೂ ಹೋಗಿಲ್ಲ. ಇವಳ ದನಿ ಹೋದ್ರೆ? ಜೀವಕ್ಕೇ ಏನಾದ್ರೂ ಆದ್ರೆ? ಅವಳೂರಿನವರಿಗೆ ನಾನೇನು ಹೇಳ್ಲಿ?"

"ಅವಳ ಮನೆಯ ಹಾಡು. ನಾನ್ಯಾರು ಬೇಡ ಅನ್ನೋಕೆ?" ಎಂದಳು ಅಜ್ಜಿ. ಆಮೇಲೆ ಮಿರ್ತಾಳ ಕೈ ಹಿಡಿದು ಹತ್ತಿರ ಎಳೆದುಕೊಂಡಳು. "ಇಷ್ಟು ನೆನಪಿಟ್ಕೋ ಮಗಳೇ. ಶುರು ಮಾಡಿದ ಹಾಡನ್ನ ನಡುವೆ ಬಿಟ್ಟು ಓಡ್ಬೇಡ. ಅವರನ್ನ ಒಂದು ಸಲ ಬಿಟ್ಟು ಹೋಗಿದ್ದಾಯ್ತಲ್ಲ, ಅದು ಸಾಕು."

ಚರ್ಚು ಕಿಕ್ಕಿರಿದಿತ್ತು. ಒದ್ದೆ ಉಣ್ಣೆ, ಮೇಣ, ಹಳೆಯ ಮರ ಎಲ್ಲ ಬೆರೆತ ವಾಸನೆ. ಪಾದ್ರಿ ಪ್ರಾರ್ಥನೆ ಮುಗಿಸಿ ಸುಮ್ಮನೆ ಕೂತರು. ಒಂದು ಮನೆಯ ತಾಯಿ ಮಗಳು ಎದ್ದರು, ಹಾಡಿದರು, ಬಂದು ಕೂತರು. ಮುಂದಿನವರು ಎದ್ದರು. ಗ್ವಿಲಿಮ್‌ನ ಮೇಳದ ಸರದಿ ಬಂದಾಗ ಅವನ ಕೆಳದನಿಗೆ ಬೆಂಚೇ ಗುಂಯ್‌ಗುಟ್ಟಿತು. ಇನ್ನೊಂದು ದಿನವಾಗಿದ್ದರೆ ಮಿರ್ತಾ ಆ ಹಾಡುಗಳಿಗೆ ಕರಗಿ ನೀರಾಗುತ್ತಿದ್ದಳು. ಇವತ್ತು ಅವಳ ಕಿವಿಗೆ ತನ್ನದೇ ಎದೆಬಡಿತ ಬಿಟ್ಟು ಬೇರೇನೂ ಇಳಿಯಲಿಲ್ಲ. ಪಕ್ಕದಲ್ಲಿ ಅಜ್ಜಿ ಕೊಡೆಯ ಹಿಡಿ ಹಿಡಿದು ನೆಟ್ಟಗೆ ಕೂತಿದ್ದಳು.

ಎರಡನೆಯ ಸುತ್ತು ಬಂತು. ತಾಯಿ ಮಗಳು ಹಾಡಿದರು. ಇನ್ನೊಂದು ಮೇಳ ಹಾಡಿತು. ಅವರು ಕೂತ ಕೂಡಲೇ ಚರ್ಚಿನೊಳಗೆ ಎಲ್ಲ ತಲೆಗಳೂ ಒಟ್ಟಿಗೆ ತಗ್ಗಿದವು.

ಟಿಂಗ್.

ಸಣ್ಣ ಸದ್ದು. ಮುಂದಿನ ಖಾಲಿ ಕಲ್ಲುಹಾಸಿನಿಂದ ಬಂತು.

ಮಿರ್ತಾ ಎದ್ದಳು. ನೂರು ತಲೆಗಳು ಒಮ್ಮೆಲೇ ಮೇಲೆದ್ದು ಅವಳನ್ನು ನೋಡಿದವು. ಯಾರೋ "ಅಯ್ಯೋ, ಕೂತ್ಕೊಳಮ್ಮ" ಎಂದು ಪಿಸುಗುಟ್ಟಿದರು. ಅವಳು ನಡೆಯುತ್ತಲೇ ಹೋದಳು. ಮುಂದೆ ಕಲ್ಲಿನ ಮೇಲೆ ಎರಡು ಕಡೆ ಒದ್ದೆಯಾಗಿತ್ತು. ನಡುವೆ ಒಂದು ಆಳಿನ ಜಾಗ ಒಣಗಿತ್ತು. ಅವಳು ಅಲ್ಲಿ ನಿಂತಳು. ಎಡಗಡೆಯಿಂದಲೂ ಬಲಗಡೆಯಿಂದಲೂ ಹೊಳೆಯ ಚಳಿ ಬಂದು ಭುಜಕ್ಕೆ ತಾಗಿತು. ಯಾರೋ ತಲೆ ಬಗ್ಗಿಸಿ ಅವಳ ತಲೆಯ ಹತ್ತಿರ ತಂದರು. ಓಡಿಬಿಡಬೇಕು ಎಂದು ಕಾಲು ಹೇಳಿತು. ಅವಳು ಉಸಿರೆಳೆದುಕೊಂಡು ಹಾಡಿದಳು.

ಮೊದಲ ಸಾಲು, ಅವಳ ಅಜ್ಜಿ ಹಾಡುತ್ತಿದ್ದ ಹಾಗೆಯೇ, ನಿಧಾನ, ದುಃಖದ್ದು. ಆಮೇಲೆ ತೂತು. ಅವಳು ಬಾಯಿ ಮುಚ್ಚಿ ಕಾದಳು.

ಎಡಗಡೆಯಿಂದ ಮೇಲುದನಿ ಬಂತು. ಬಂತೆಂದರೆ ಹಾಗಲ್ಲ, ಜಿಗಿದು ಬಂತು! ಅದರ ಬೆನ್ನಿಗೇ ಬಲಗಡೆಯಿಂದ ಕೆಳದನಿ ದಪದಪ ಹೆಜ್ಜೆ ಹಾಕಿ ಬಂತು. ಎರಡೂ ಸೇರಿ ಅವಳನ್ನು ಕೈ ಹಿಡಿದು ಎಳೆದುಕೊಂಡೇ ಹೋದವು. ಅಯ್ಯೋ ದೇವರೇ, ಇದು ಅಳುವ ಹಾಡೇ ಅಲ್ಲ! ಇದು ಕುಣಿಯುವ ಹಾಡು. ಮಗು ಹುಟ್ಟಿತು ಏಳಿ, ಬೆಳಗಾಯಿತು ಏಳಿ ಎಂದು ಊರೆಲ್ಲ ಎಬ್ಬಿಸಿಕೊಂಡು ಓಡುವ ಹಾಡು. ಮೂರು ತಲೆಮಾರು ಹೆಂಗಸರು ಅದರ ನಡುವಿನ ಒಂದು ಎಳೆ ಹಿಡಿದುಕೊಂಡು ಸಮುದ್ರದಾಚೆ ಸುಮ್ಮನೆ ಅತ್ತಿದ್ದರು. ಮಿರ್ತಾ ಹೆಜ್ಜೆ ಚುರುಕು ಮಾಡಿದಳು. ಅವಳು ಬಿಟ್ಟ ಕಡೆ ಅವರು ಹಿಡಿದರು, ಅವರು ಬಿಟ್ಟ ಕಡೆ ಅವಳು ಹಿಡಿದಳು, ಒಂದು ತೂತೂ ಉಳಿಯಲಿಲ್ಲ. ಕೊನೆಯ ಸಾಲಿನಲ್ಲಿ ಮೂರು ದನಿಯೂ ಒಟ್ಟಿಗೆ ಏರಿ ಒಟ್ಟಿಗೆ ನಿಂತಾಗ ಅವಳು ನಗುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅಜ್ಜಿ, ಕೇಳಿಸಿತಾ ಎಂದು ಸತ್ತ ತನ್ನ ಅಜ್ಜಿಯನ್ನು ಮನಸ್ಸಿನಲ್ಲೇ ಕೂಗಿ ಕೇಳಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಡ್ವೈಟ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಮಗುವಿನ ಹಾಗೆ ಅಳುತ್ತಿದ್ದ. ಪಾದ್ರಿ ಎದ್ದು ನಿಂತುಬಿಟ್ಟಿದ್ದರು. ಮಿರ್ತಾ ಬೆಂಚಿಗೆ ಬಂದು ಕೂತು ನೋಡಿಕೊಂಡಳು. ಕೋಟಿನ ಎರಡೂ ತೋಳು ಭುಜದಿಂದ ಮಣಿಕಟ್ಟಿನವರೆಗೆ ತೊಯ್ದು ತಪ್ಪಡಿಯಾಗಿದ್ದವು.

ಆಮೇಲಿನ ಊಟವೋ, ಮದುವೆ ಮನೆಯ ಗದ್ದಲ. ಕುರಿಮಾಂಸದ ಸಾರು, ಬಿಸಿ ರೊಟ್ಟಿ, ಚೀಸು, ಪಾತ್ರೆ ಪಾತ್ರೆ ಚಹಾ. ಒಬ್ಬೊಬ್ಬರೂ ಬಂದು ಮಿರ್ತಾಳನ್ನು ತಬ್ಬಿದರು, ಕೆನ್ನೆ ಹಿಂಡಿದರು, ಹವೋದ್ ಹುಡುಗಿ ಎಂದು ಕರೆದರು. "ನಾನು ಕೇಳಿದ್ದು ಮೂವರನ್ನ, ನೋಡಿದ್ದು ಒಬ್ಬಳನ್ನ. ಇದನ್ನ ನಮ್ಮೂರಲ್ಲಿ ಹೇಳಿದ್ರೆ ನನಗೆ ಮಾತ್ರೆ ಕೊಡ್ತಾರೆ," ಎಂದು ಡ್ವೈಟ್ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಗ್ವಿಲಿಮ್ ಅವಳ ತಟ್ಟೆಗೆ ತಾನೇ ಸಾರು ಬಡಿಸಿದ. "ದನಿ ಇದೆಯಾ? ಒಂದು ಸಲ ಕೆಮ್ಮು ನೋಡೋಣ," ಎಂದ. ಅವಳು ಕೆಮ್ಮಿ ತೋರಿಸಿದ ಮೇಲೆಯೇ ಅವನು ಊಟಕ್ಕೆ ಕೂತದ್ದು.

ಖುಷಿಗೆ ಮಿರ್ತಾಳ ಕಾಲು ನೆಲದ ಮೇಲಿರಲಿಲ್ಲ. ಬಂದ ಕೆಲಸ ಆಯಿತು, ಹಾಡು ಸಿಕ್ಕಿತು, ಬಾಕಿ ತೀರಿತು. ಪಾಪ, ಆ ಅಣ್ಣತಮ್ಮಂದಿರು ಇನ್ನಾದರೂ ನೆಮ್ಮದಿಯಾಗಿ ಮಲಗುತ್ತಾರೆ. ಕಾರಿನ ಕಡೆ ನಡೆಯುವಾಗ ಅದನ್ನೇ ಅಜ್ಜಿಗೆ ಹೇಳಿದಳು. "ಇನ್ನು ಮುಂದೆ ಟಿಂಗ್ ಅಂತ ಕೇಳಲ್ಲ ಅಲ್ವಾ ಅಜ್ಜಿ? ಅವರು ಹೋದ್ರು."

ಮಳೆ ಹನಿಯುತ್ತಿತ್ತು. ಕೆಂಪು ಕಾರು ಗೋಡೆಯ ಪಕ್ಕ ನಿಂತಿತ್ತು. ಬಾಗಿಲಿಗೆ ಬೀಗ ಹಾಕಿದ ಹಾಗೇ ಇತ್ತು, ಗಾಜುಗಳೆಲ್ಲ ಮುಚ್ಚಿದ್ದವು. ಮಿರ್ತಾ ಕೀಲಿ ತೆಗೆದು ಹಿಂದಿನ ಬಾಗಿಲು ತೆರೆದಳು, ಅಜ್ಜಿಯ ಕೊಡೆ ಇಡಲು. ಒಳಗಿನ ದೀಪ ಹೊತ್ತಿಕೊಂಡಿತು.

ಹಿಂದಿನ ಸೀಟಿನ ಎಡಭಾಗ ತೊಯ್ದು ನೀರು ಕೆಳಗೆ ಇಳಿಯುತ್ತಿತ್ತು. ಬಲಭಾಗವೂ ಹಾಗೆಯೇ. ನಡುವೆ, ಒಬ್ಬರು ಕೂರುವಷ್ಟು ಜಾಗ, ಬೆಚ್ಚಗೆ ಒಣಗಿತ್ತು.

ಟಿಂಗ್ ಎಂದಿತು, ಕಾರಿನ ಒಳಗೆ.

ಅಜ್ಜಿ ಬಗ್ಗಿ ಒಳಗೆ ಇಣುಕಿದಳು, ನೆರೆಮನೆಯವರನ್ನು ಕಂಡಾಗ ಮಾಡುವ ಹಾಗೆ ಎರಡೂ ಕಡೆಗೆ ಒಂದೊಂದು ಸಲ ತಲೆ ಆಡಿಸಿದಳು.

"ಎಲ್ಲಿ ಹೋಗ್ತಾರೆ ಅವರು? ನಾಳೆ ಪಕ್ಕದ ಕಣಿವೇಲಿ ಪ್ಲಗೈನ್, ನಾಡಿದ್ದು ಅದರಾಚೆ ಅಂತ ಹೇಳಿರಲಿಲ್ವಾ... ಮೇಳ ಪೂರ್ತಿ ಆಯ್ತು ಮಗಳೇ, ಇನ್ನು ಎಲ್ಲಾ ಚರ್ಚಿಗೂ ಹೋಗ್ಲೇಬೇಕು. ಈ ವರ್ಷನೂ, ಬರೋ ವರ್ಷನೂ... ಮತ್ತೆ ಆ ಹೊಳೆ ದಾಟಿ ನಡ್ಕೊಂಡು ಹೋಗೋಕೆ ಅವರಿಗೇನು ಹುಚ್ಚಾ? ನೋಡು, ನಿನಗೆ ಅಂತ ಜಾಗ ಒಣಗಿಸಿ ಇಟ್ಟಿದ್ದಾರೆ. ಹೋಗು, ನಡುವೆ ಕೂತ್ಕೋ..."

ಅವಳು ಮಿರ್ತಾಳ ಮುಂದೆ ಅಂಗೈ ಚಾಚಿದಳು. ಕಣ್ಣು ಮಿನುಗುತ್ತಿತ್ತು.

"ಕೀಲಿ ಇಲ್ಲಿ ಕೊಡು. ಕಾರು ನಾನು ಓಡಿಸ್ತೀನಿ."